ಇಬ್ಬರಿಗೊಂದು ಪುಟ್ಟ ಟ್ರೈಲರ್: ಎಳೆಯುವುದು, ತಂಗುವುದು, ಸೀಸನ್ ಮುಗಿದ ಮೇಲೆ ಕಾಪಾಡುವುದು

ಪದೇ ಪದೇ ಬರುವ ಪ್ರಶ್ನೆಗಳು ಎರಡು. "ನಮಗೆ ಅರವತ್ತು ದಾಟಿದೆ, ಈಗ ಟ್ರೈಲರ್ ಎಳೆದುಕೊಂಡು ತಿರುಗೋದು ಆಗುತ್ತಾ?" ಅನ್ನುವುದು ಒಂದು. "ಅರ್ಧ ವರ್ಷ ಸುಮ್ನೆ ನಿಂತಿರುತ್ತಲ್ಲ, ಹಾಳಾಗಲ್ವಾ?" ಅನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ, ಆಗುತ್ತದೆ. ಆದರೆ ಟ್ರೈಲರ್ ಚಿಕ್ಕದಿರಬೇಕು, ಇಬ್ಬರಿಗೂ ಎಲ್ಲ ಕೆಲಸ ಬರಬೇಕು. ಎರಡನೆಯದಕ್ಕೆ ಉತ್ತರ, ನೋಡಿಕೊಳ್ಳದಿದ್ದರೆ ಖಂಡಿತ ಹಾಳಾಗುತ್ತದೆ. ರಸ್ತೆಯಲ್ಲಿ ಆಗುವ ಸವೆತಕ್ಕಿಂತ ನಿಂತಲ್ಲೇ ಆಗುವ ನಷ್ಟ ಜಾಸ್ತಿ. ಅದರಲ್ಲೂ ಬಹುಪಾಲು ನೀರಿನಿಂದ. ಹಾಗಾಗಿ ಈ ಲೇಖನದಲ್ಲಿ ಪ್ರವಾಸದ ಭಾಗವನ್ನು ಸ್ವಲ್ಪ ಬೇಗ ಮುಗಿಸಿ, ನಿಲ್ಲಿಸಿಡುವ ಭಾಗಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಟ್ರಾವೆಲ್ ಟ್ರೈಲರ್ ಅಂದರೆ ಕಾರಿನ ಹಿಂದೆ ಕೊಂಡಿ ಹಾಕಿ ಎಳೆಯುವ ಪುಟ್ಟ ಮನೆ. ಅದಕ್ಕೆ ಸ್ವಂತ ಎಂಜಿನ್ ಇರುವುದಿಲ್ಲ. ಒಳಗೆ ಹಾಸಿಗೆ, ಒಲೆ, ಸಿಂಕು, ಚಿಕ್ಕ ಫ್ರಿಜ್ಜು, ಹಲವದರಲ್ಲಿ ಟಾಯ್ಲೆಟ್ಟೂ ಇರುತ್ತದೆ. ಇಲ್ಲಿ "ಚಿಕ್ಕದು" ಅನ್ನುವುದು ಸುಮಾರು 13ರಿಂದ 17 ಅಡಿ ಉದ್ದದ್ದಕ್ಕೆ.

1. ತೂಕದ ಲೆಕ್ಕ ಮೊದಲು, ಬಣ್ಣ ಆಮೇಲೆ

ಮಾರುವವರು ಹೇಳುವ ತೂಕ ಸಾಮಾನ್ಯವಾಗಿ ಖಾಲಿ ಟ್ರೈಲರಿನದು. ನೀವು ಖಾಲಿ ಟ್ರೈಲರ್ ಎಳೆಯುವುದಿಲ್ಲ ಅಲ್ವಾ? ನೀರು, ಗ್ಯಾಸ್, ಬ್ಯಾಟರಿ, ಪಾತ್ರೆ, ಬಟ್ಟೆ, ಮಡಚುವ ಕುರ್ಚಿ ಎಲ್ಲ ಸೇರುತ್ತದೆ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. 100 ಲೀಟರಿನ ಟ್ಯಾಂಕು ತುಂಬಿಸಿದರೆ ಒಬ್ಬ ದಪ್ಪ ಮನುಷ್ಯನನ್ನು ಹತ್ತಿಸಿಕೊಂಡ ಹಾಗೆ.

ನೋಡಬೇಕಾದ ಅಂಕಿ ಟ್ರೈಲರಿನ ಮೇಲಿನ ಚೀಟಿಯಲ್ಲಿ ಇರುತ್ತದೆ. ಸಾಮಾನು ತುಂಬಿದ ಮೇಲೆ ಅದು ಹೆಚ್ಚೆಂದರೆ ಎಷ್ಟು ತೂಗಬಹುದು ಅನ್ನುವ ಮಿತಿ ಅದು. ಆ ಮಿತಿ ನಿಮ್ಮ ಕಾರಿನ ಎಳೆಯುವ ಸಾಮರ್ಥ್ಯದ ನೂರಕ್ಕೆ 80 ಭಾಗ ದಾಟದಂತೆ ನೋಡಿಕೊಳ್ಳಿ. ಇದು ಕಾನೂನಲ್ಲ, ಅನುಭವಸ್ಥರು ಪಾಲಿಸುವ ಲೆಕ್ಕ. ಘಟ್ಟ ಹತ್ತುವಾಗ, ಇಳಿಯುವಾಗ ಆ ಉಳಿದ 20 ಭಾಗ ಏಕೆ ಬೇಕು ಅಂತ ಗೊತ್ತಾಗುತ್ತದೆ.

ಇನ್ನೊಂದು ತೂಕವನ್ನು ತುಂಬಾ ಜನ ಮರೆಯುತ್ತಾರೆ. ಟ್ರೈಲರಿನ ಮೂತಿ ಕಾರಿನ ಕೊಂಡಿಯ ಮೇಲೆ ಕೂತು ಒತ್ತುವ ಭಾರ. ಇದಕ್ಕೆ ಟಂಗ್ ವೇಟ್ ಅನ್ನುತ್ತಾರೆ. ಅಮೆರಿಕ, ಕೆನಡಾ ಕಡೆಯ ಟ್ರೈಲರುಗಳಲ್ಲಿ ಇದು ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಇರಬೇಕು. ಯುರೋಪಿನ ಕ್ಯಾರವಾನ್‌ಗಳ ಕಟ್ಟೋಣವೇ ಬೇರೆ, ಅಲ್ಲಿ ಇದಕ್ಕಿಂತ ಕಡಿಮೆ. ನಿಮ್ಮ ಟ್ರೈಲರಿನ ಕೈಪಿಡಿಯಲ್ಲಿ ಏನಿದೆಯೋ ಅದೇ ಸರಿ. ಮೂತಿ ತೀರಾ ಹಗುರವಾದರೆ ವೇಗದಲ್ಲಿ ಟ್ರೈಲರ್ ಹಾವಿನಂತೆ ಅಡ್ಡಡ್ಡ ಓಲಾಡಲು ಶುರುವಾಗುತ್ತದೆ. ಅದಕ್ಕೇ ಭಾರದ ಸಾಮಾನು ಚಕ್ರದ ಅಚ್ಚಿನ ಸುತ್ತ, ಸ್ವಲ್ಪ ಮುಂದಕ್ಕೆ, ನೆಲಮಟ್ಟದಲ್ಲಿ ಇಡಿ. ಹಿಂದಿನ ಬಂಪರಿಗೆ ಸೈಕಲ್, ಜನರೇಟರ್ ನೇತುಹಾಕುವ ಆಸೆ ಬೇಡ.

ಈ ಒತ್ತುವ ಭಾರ ಕಾರು ಹೊರಬಲ್ಲ ತೂಕದಲ್ಲೂ ಲೆಕ್ಕಕ್ಕೆ ಬರುತ್ತದೆ. ನೀವಿಬ್ಬರು, ಹಿಂದಿನ ಸೀಟಿನ ಸಾಮಾನು, ಜೊತೆಗೆ ಇದು. ಎಳೆಯುವ ಶಕ್ತಿ ಇದ್ದೂ ಹೊರುವ ಶಕ್ತಿ ಮುಗಿದುಹೋಗುವ ಕಾರುಗಳು ಎಷ್ಟೋ ಇವೆ.

2. ಕೊಳ್ಳುವ ಮೊದಲು ಒಳಗೆ ಮಲಗಿ ನೋಡಿ

ಷೋರೂಮಿನಲ್ಲಿ ಎಲ್ಲವೂ ಚೆಂದ ಕಾಣುತ್ತದೆ. ನೀವು ಚಪ್ಪಲಿ ಬಿಟ್ಟು ಇಬ್ಬರೂ ಹಾಸಿಗೆಯ ಮೇಲೆ ಮಲಗಿ, ಹತ್ತು ನಿಮಿಷ. ಆಮೇಲೆ ಗೋಡೆ ಪಕ್ಕ ಮಲಗಿದವರು ಎದ್ದು ಟಾಯ್ಲೆಟ್ಟಿಗೆ ಹೋಗಿ ಬರಲಿ. ಚಿಕ್ಕ ಟ್ರೈಲರುಗಳಲ್ಲಿ ಹಾಸಿಗೆ ಈ ಗೋಡೆಯಿಂದ ಆ ಗೋಡೆಗೆ ಇರುತ್ತದೆ. ಒಬ್ಬರು ಇನ್ನೊಬ್ಬರನ್ನು ದಾಟಿಯೇ ಇಳಿಯಬೇಕು. ರಾತ್ರಿ ಎರಡು ಸಲ ಏಳುವವರಿಗೆ ಇದು ದೊಡ್ಡ ವಿಷಯ. ಹಾಗಿದ್ದರೆ ಎರಡು ಬೇರೆ ಬೇರೆ ಹಾಸಿಗೆ, ನಡುವೆ ಓಡಾಡುವ ಜಾಗ ಇರುವ ಮಾದರಿ ಹುಡುಕಿ.

ಮೆಟ್ಟಿಲು ಎಷ್ಟು ಎತ್ತರ? ಬಾಗಿಲ ಪಕ್ಕ ಹಿಡಿಯಲು ಗಟ್ಟಿ ಹಿಡಿ ಇದೆಯಾ? ಊಟದ ಮೇಜನ್ನು ದಿನಾ ರಾತ್ರಿ ಇಳಿಸಿ ಹಾಸಿಗೆ ಮಾಡಬೇಕಾ? ಮೊದಲ ಎರಡು ದಿನ ಅದು ಚೆನ್ನಾಗಿರುತ್ತದೆ, ಮೂರನೇ ದಿನದಿಂದ ಬೇಜಾರು ಬರುತ್ತದೆ. ಮೂತಿಯನ್ನು ಎತ್ತಿ ಇಳಿಸುವ ಜ್ಯಾಕು ಕೈಯಿಂದ ತಿರುಗಿಸುವಂಥದ್ದಾದರೆ ಕರೆಂಟಿನದ್ದಕ್ಕೆ ಬದಲಿಸಿಕೊಳ್ಳಿ. ಭುಜಕ್ಕೂ ಬೆನ್ನಿಗೂ ಇದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ.

ಗೋಡೆ ಯಾವುದರದ್ದು ಅನ್ನುವುದನ್ನೂ ಕೇಳಿ. ಮರದ ಚೌಕಟ್ಟಿಗೆ ಹಾಳೆ ಹೊದಿಸಿದ ಟ್ರೈಲರಿನಲ್ಲಿ ಸಂದು ಜಾಸ್ತಿ. ಸಂದಿದ್ದಲ್ಲಿ ಸೋರುವ ಭಯ. ಅಚ್ಚಿನಲ್ಲಿ ಎರಕ ಹೊಯ್ದ ಫೈಬರ್‌ಗ್ಲಾಸ್ ಟ್ರೈಲರುಗಳೂ ಇವೆ. 1968ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಶುರುವಾದ ಬೋಲರ್ ಈ ಬಗೆಯದು, ಮೊಟ್ಟೆಯ ಹಾಗೆ ಕಾಣುತ್ತದೆ. ಮೇಲಿನ ಅರ್ಧ, ಕೆಳಗಿನ ಅರ್ಧ ಸೇರಿಸಿದ ಒಂದೇ ಸಂದು ಸುತ್ತಲೂ ಹೋಗುತ್ತದೆ. ಕಿಟಕಿ, ಛಾವಣಿಯ ಗಾಳಿಕಿಂಡಿ ಹೊರತು ನೀರು ಒಳಗೆ ಬರಲು ದಾರಿ ಕಡಿಮೆ. ಅವುಗಳಲ್ಲಿ ಐವತ್ತು ವರ್ಷ ದಾಟಿದವು ಇವತ್ತಿಗೂ ರಸ್ತೆಯಲ್ಲಿವೆ. ನನ್ನನ್ನು ಕೇಳಿದರೆ, ವಯಸ್ಸಾದ ಇಬ್ಬರಿಗೆ ಈ ಬಗೆಯದೇ ಒಳ್ಳೆಯದು. ದುರಸ್ತಿಯ ತಲೆನೋವು ಕಡಿಮೆ.

3. ಇಬ್ಬರಿಗೂ ಎಲ್ಲ ಕೆಲಸ ಬರಲಿ

ಸಾಮಾನ್ಯವಾಗಿ ಆಗುವುದು ಹೀಗೆ. ಒಬ್ಬರು ಓಡಿಸುತ್ತಾರೆ, ಕೊಂಡಿ ಹಾಕುತ್ತಾರೆ, ಟ್ಯಾಂಕು ಖಾಲಿ ಮಾಡುತ್ತಾರೆ. ಇನ್ನೊಬ್ಬರು ಒಳಗಿನದ್ದು ನೋಡಿಕೊಳ್ಳುತ್ತಾರೆ. ಎಲ್ಲ ಸರಿಯಿದ್ದಾಗ ತೊಂದರೆಯಿಲ್ಲ. ಓಡಿಸುವವರಿಗೆ ದೂರದ ಕ್ಯಾಂಪಿನಲ್ಲಿ ಬೆನ್ನು ಹಿಡಿದುಕೊಂಡರೆ? ಜ್ವರ ಬಂದರೆ? ಆಗ ಇನ್ನೊಬ್ಬರು ಟ್ರೈಲರನ್ನು ಕಳಚಿ, ಕನಿಷ್ಠ ಕಾರನ್ನಾದರೂ ಓಡಿಸಿಕೊಂಡು ಡಾಕ್ಟರ ಹತ್ತಿರ ಹೋಗುವಂತಿರಬೇಕು.

ಪ್ರತಿ ಪ್ರವಾಸದಲ್ಲಿ ಒಂದು ದಿನ ಕೆಲಸ ಅದಲು ಬದಲು ಮಾಡಿಕೊಳ್ಳಿ. ಹೊರಡುವಾಗ ಮಾಡಬೇಕಾದ್ದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಒಳಗಡೆ ಅಂಟಿಸಿ. ಒಬ್ಬರು ಓದಲಿ, ಇನ್ನೊಬ್ಬರು ಮುಟ್ಟಿ ನೋಡಿ "ಆಯ್ತು" ಅನ್ನಲಿ. ಆ ಹೊತ್ತಿನಲ್ಲಿ ಪಕ್ಕದವರು ಬಂದು ಮಾತಿಗೆಳೆದರೆ ನಗುತ್ತಾ "ಐದು ನಿಮಿಷ" ಅಂತ ಹೇಳಿ. ಮಾತಿನ ಮಧ್ಯೆ ಬಿಟ್ಟುಹೋದ ಹೆಜ್ಜೆಯೇ ಮುಂದೆ ಅಪಘಾತವಾಗುವುದು.

ಔಷಧಿಯ ಪಟ್ಟಿ, ಅಲರ್ಜಿ, ಮನೆಯವರ ಫೋನ್ ನಂಬರ್ ಇರುವ ಒಂದು ಹಾಳೆ ಅದೇ ಜಾಗದಲ್ಲಿ ಇರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಫ್ರಿಜ್ಜಿನೊಳಗೆ ಚಿಕ್ಕ ಥರ್ಮಾಮೀಟರ್ ಇಡಿ. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಹೆಪ್ಪುಗಟ್ಟಿದ್ದನ್ನು ಮತ್ತೆ ಬಳಸಬಾರದು. ಟ್ರೈಲರಿನ ಪುಟ್ಟ ಫ್ರಿಜ್ಜಿನಲ್ಲಿ ಹಿಂಬದಿಯ ತಟ್ಟೆಗೆ ತಾಗಿದ್ದು ಹೆಪ್ಪುಗಟ್ಟುವುದುಂಟು.

4. ಕೊಂಡಿ ಹಾಕುವ ಕ್ರಮ

ಮೊದಲ ನಿಯಮ, ಕೊನೆಯ ನಿಯಮ ಎರಡೂ ಒಂದೇ: ಕೊಂಡಿ ಬಿಚ್ಚುವ ಮೊದಲು ಚಕ್ರಕ್ಕೆ ಅಡ್ಡಗಟ್ಟೆ ಕೊಡಿ, ಕೊಂಡಿ ಪೂರ್ತಿ ಹಾಕಿ ಆದ ಮೇಲೆಯೇ ಅಡ್ಡಗಟ್ಟೆ ತೆಗೆಯಿರಿ. ನೆಲ ಸಮ ಕಂಡರೂ ಸರಿ.

ಕಾರಿನ ಹಿಂದಿನ ಗುಂಡಿನ ಮೇಲೆ ಟ್ರೈಲರಿನ ಬಟ್ಟಲು ಕೂತು, ಚಿಲಕ ಹಾಕಿದ ಮೇಲೆ ಒಂದು ಪರೀಕ್ಷೆ ಮಾಡಿ. ಜ್ಯಾಕಿನಿಂದ ಮೂತಿಯನ್ನು ನಾಲ್ಕು ಬೆರಳಿನಷ್ಟು ಮೇಲಕ್ಕೆ ಎತ್ತಿ. ಕಾರಿನ ಹಿಂಭಾಗವೂ ಅದರ ಜೊತೆ ಏಳಬೇಕು. ಬಟ್ಟಲು ಒಂದೇ ಮೇಲಕ್ಕೆ ಬಂತು ಅಂದರೆ ಚಿಲಕ ಹಾಕಿದ್ದು ಬರೀ ಕಣ್ಣಿಗೆ, ಗುಂಡನ್ನು ಹಿಡಿದೇ ಇಲ್ಲ. ಈ ಒಂದು ನಿಮಿಷದ ಪರೀಕ್ಷೆ ಯಾವತ್ತೂ ಬಿಡಬೇಡಿ.

ಆಮೇಲೆ ಸರಪಳಿಗಳು. ಎರಡನ್ನೂ ಮೂತಿಯ ಕೆಳಗೆ ಕತ್ತರಿಯಂತೆ ಅಡ್ಡಡ್ಡ ಹಾಕಬೇಕು. ಕೊಂಡಿ ತಪ್ಪಿದರೂ ಮೂತಿ ಆ ಕತ್ತರಿಯ ಮೇಲೆ ಬೀಳುತ್ತದೆ, ರಸ್ತೆಗೆ ತಾಗುವುದಿಲ್ಲ. ಟ್ರೈಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಾಕುವಂತೆ ಮಾಡುವ ತೆಳು ಕೇಬಲ್ ಒಂದಿರುತ್ತದೆ. ಅದನ್ನು ಸರಪಳಿಗೆ ಸಿಕ್ಕಿಸದೆ ಕಾರಿನ ಗಟ್ಟಿ ಭಾಗಕ್ಕೆ ಬೇರೆಯಾಗಿ ಹಾಕಿ. ಕೊನೆಗೆ ವೈರು, ದೀಪ, ಬ್ರೇಕ್ ನೋಡಿ.

ಚಕ್ರ ಬಿಚ್ಚಿ ಹಾಕಿಸಿದ್ದರೆ, ಮೊದಲ 80ರಿಂದ 160 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೆ ಬಿಗಿ ನೋಡಿ. ಎಷ್ಟು ಬಿಗಿ ಬಂದಿದೆ ಅಂತ ಅಳೆದು ತೋರಿಸುವ ಸ್ಪ್ಯಾನರ್ ಅದು.

5. ದಾರಿಯಲ್ಲಿ

ದಿನಕ್ಕೆ ನಾಲ್ಕು ಗಂಟೆ ಸಾಕು, ಮಧ್ಯಾಹ್ನ ಮೂರರ ಹೊತ್ತಿಗೆ ತಲುಪಿಬಿಡಿ. ಬೆಳಕಿದ್ದಾಗ ಹಿಮ್ಮುಖ ತರುವುದು ಸುಲಭ. ಆಯಾಸದಲ್ಲಿ ಕತ್ತಲೆಯಲ್ಲಿ ಅದೇ ಕೆಲಸ ಜಗಳಕ್ಕೆ ದಾರಿ. ವೇಗ ಗಂಟೆಗೆ 90 ಕಿಲೋಮೀಟರ್ ಒಳಗಿರಲಿ. ಪ್ರತಿ ನಿಲುಗಡೆಯಲ್ಲಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಚಕ್ರದ ನಡುಭಾಗದ ಹತ್ತಿರ ಅಂಗೈ ತನ್ನಿ. ಒಂದರದ್ದು ಮಾತ್ರ ಬೇರೆಯದಕ್ಕಿಂತ ತುಂಬಾ ಬಿಸಿ ಅನ್ನಿಸಿದರೆ ಬೇರಿಂಗೋ ಬ್ರೇಕೋ ತೊಂದರೆ ಕೊಡುತ್ತಿದೆ.

ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಟ್ರೈಲರ್ ಓಲಾಡಿದರೆ ಗಾಬರಿಯಲ್ಲಿ ಕಾರಿನ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ಅತ್ತಿತ್ತ ತಿರುಗಿಸಬೇಡಿ. ಸ್ಟೇರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ನಿಧಾನ ತೆಗೆಯಿರಿ. ಟ್ರೈಲರಿನ ಬ್ರೇಕ್ ಮಾತ್ರ ಹಾಕುವ ಗುಂಡಿ ಕಾರಿನಲ್ಲಿದ್ದರೆ ಅದನ್ನು ಮೆಲ್ಲಗೆ ಒತ್ತಿ. ಓಲಾಟ ನಿಂತ ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಸಾಮಾನು ಹಿಂದಕ್ಕೆ ಸರಿದಿದೆಯಾ ನೋಡಿ.

6. ಹಿಮ್ಮುಖ ತಂದು ನಿಲ್ಲಿಸುವುದು

ಸ್ಟೇರಿಂಗಿನ ಕೆಳತುದಿಯನ್ನು ಒಂದು ಕೈಯಲ್ಲಿ ಹಿಡಿಯಿರಿ. ಈಗ ಕೈ ಯಾವ ಕಡೆ ಹೋಗುತ್ತದೋ ಟ್ರೈಲರಿನ ಹಿಂಭಾಗವೂ ಅದೇ ಕಡೆ ಹೋಗುತ್ತದೆ. ಇದಿಷ್ಟು ನೆನಪಿದ್ದರೆ ಅರ್ಧ ಕೆಲಸ ಆಯಿತು. ಉಳಿದರ್ಧ ಹೊರಗೆ ನಿಂತು ದಾರಿ ತೋರಿಸುವವರದು. ಇಬ್ಬರೂ ಫೋನಿನಲ್ಲಿ ಮಾತಾಡಿಕೊಳ್ಳಿ, ಕೂಗಾಟ ಬೇಡ. "ಈ ಕಡೆ, ಆ ಕಡೆ" ಅನ್ನದೆ "ಡ್ರೈವರ್ ಕಡೆ, ಪಕ್ಕದ ಸೀಟಿನ ಕಡೆ" ಅನ್ನಿ. "ರೀ, ನಿಲ್ಸಿ" ಅಂದರೆ ತಕ್ಷಣ ನಿಲ್ಲಬೇಕು, ಏಕೆ ಅಂತ ಆಮೇಲೆ ಕೇಳಬಹುದು. ಕನ್ನಡಿಯಲ್ಲಿ ಅವರು ಕಾಣದಿದ್ದರೂ ನಿಲ್ಲಬೇಕು. ಮೇಲಿನ ಕೊಂಬೆ ನೋಡಲು ಮರೆಯಬೇಡಿ.

ನಿಂತ ಮೇಲೆ ಮೊದಲು ಎಡಬಲ ಮಟ್ಟ ಮಾಡಿ. ತಗ್ಗಿರುವ ಕಡೆಯ ಚಕ್ರದ ಕೆಳಗೆ ಹಲಗೆ ಕೊಟ್ಟು ಹತ್ತಿಸಿ. ಆಮೇಲೆ ಅಡ್ಡಗಟ್ಟೆ, ಆಮೇಲೆ ಕೊಂಡಿ ಬಿಚ್ಚುವುದು, ಆಮೇಲೆ ಮೂತಿಯ ಜ್ಯಾಕಿನಿಂದ ಹಿಂದೆ ಮುಂದೆ ಮಟ್ಟ. ನಾಲ್ಕು ಮೂಲೆಯ ಕಾಲುಗಳನ್ನು ಕಟ್ಟಕಡೆಗೆ ಇಳಿಸಿ. ಅವು ಅಲುಗಾಟ ತಡೆಯಲು ಮಾತ್ರ. ಅವುಗಳಿಂದ ಟ್ರೈಲರ್ ಎತ್ತಲು ಹೋದರೆ ಚೌಕಟ್ಟು ಸೊಟ್ಟಗಾಗುತ್ತದೆ, ಬಾಗಿಲು ಸರಿಯಾಗಿ ಹಾಕಲು ಬರುವುದಿಲ್ಲ.

7. ತಂಗಿದಾಗ: ಗ್ಯಾಸು, ಗಾಳಿ, ಟ್ಯಾಂಕು

ಒಲೆ ಹಚ್ಚಿ ಒಳಗೆ ಬೆಚ್ಚಗೆ ಮಾಡಿಕೊಳ್ಳಬೇಡಿ. ಮುಚ್ಚಿದ ಪುಟ್ಟ ಜಾಗದಲ್ಲಿ ಉರಿಯುವ ಒಲೆಯಿಂದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದಲ್ಲೇ ಜೀವ ಹೋಗುತ್ತದೆ. ಅಡಿಗೆ ಮಾಡುವಾಗ ಕಿಟಕಿ, ಛಾವಣಿಯ ಕಿಂಡಿ ಎರಡೂ ತೆರೆದಿರಲಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ, ಗ್ಯಾಸ್ ಸೋರಿಕೆ ಅಲಾರಂ, ಹೊಗೆ ಅಲಾರಂ ಮೂರೂ ಬೇಕು. ಅಡಿಗೆ ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಅದಕ್ಕೇ ಗ್ಯಾಸ್ ಅಲಾರಂ ನೆಲದ ಹತ್ತಿರ ಇರುತ್ತದೆ, ಅದನ್ನು ಸಾಮಾನಿನಿಂದ ಮುಚ್ಚಬೇಡಿ. ಈ ಅಲಾರಂಗಳಿಗೂ ಆಯಸ್ಸಿದೆ. ಹಿಂಬದಿಯಲ್ಲಿ ತಾರೀಕು ಅಚ್ಚಾಗಿರುತ್ತದೆ.

ಬಳಸಿದ ನೀರಿಗೆ ಎರಡು ಟ್ಯಾಂಕು. ಟಾಯ್ಲೆಟ್ಟಿನದು ಕಪ್ಪು ಟ್ಯಾಂಕು, ಸಿಂಕು ಮತ್ತು ಸ್ನಾನದ್ದು ಬೂದು ಟ್ಯಾಂಕು. ಕಪ್ಪು ಟ್ಯಾಂಕಿನ ವಾಲ್ವನ್ನು ಯಾವಾಗಲೂ ಮುಚ್ಚಿಡಿ. ತೆರೆದಿಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿ ಕೆಳಗೆ ಕೂತು ಕಲ್ಲಾಗುತ್ತದೆ. ಮುಕ್ಕಾಲು ತುಂಬಿದ ಮೇಲೆ, ಗೊತ್ತುಮಾಡಿದ ಜಾಗದಲ್ಲಿ ಮೊದಲು ಕಪ್ಪು, ಆಮೇಲೆ ಬೂದು ಬಿಡಿ. ಬೂದು ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಕೈಗವಸು ಹಾಕಿಕೊಳ್ಳಿ.

8. ಸೀಸನ್ ಮುಗಿಯಿತು: ಮೊದಲು ನೀರು ಹೊರಗೆ

ಇಲ್ಲಿಂದ ಆತುರ ಬೇಡವೇ ಬೇಡ. ಎರಡು ದಿನ ಇಟ್ಟುಕೊಳ್ಳಿ, ದಿನಕ್ಕೆ ಎರಡು ಮೂರು ಗಂಟೆ ಕೆಲಸ.

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ನೂರಕ್ಕೆ ಸುಮಾರು 9 ಭಾಗ ಹಿಗ್ಗುತ್ತದೆ. ಪೈಪಿನ ಒಂದು ಮೊಣಕೈಯಲ್ಲಿ, ಪಂಪಿನೊಳಗೆ, ನಲ್ಲಿಯ ಕತ್ತಿನಲ್ಲಿ ಒಂದು ಲೋಟದಷ್ಟು ಉಳಿದಿದ್ದರೂ ಸಾಕು, ಒಡೆಯುತ್ತದೆ. ಒಡೆದದ್ದು ಆಗ ಗೊತ್ತಾಗುವುದಿಲ್ಲ. ಸೀಸನ್ ಶುರುವಾಗಿ ನೀರು ಬಿಟ್ಟ ದಿನ ಬೀರುವಿನ ಹಿಂದಿನಿಂದ ಸುಯ್ ಅನ್ನುವ ಸದ್ದು ಬರುತ್ತದೆ, ಅಷ್ಟೇ.

ಹೆಪ್ಪುಗಟ್ಟುವ ಚಳಿ ಇರುವಲ್ಲಿ ಕ್ರಮ ಹೀಗೆ:

ಕ) ಕಪ್ಪು, ಬೂದು ಟ್ಯಾಂಕು ಖಾಲಿ ಮಾಡಿ ತೊಳೆಯಿರಿ.

ಚ) ವಾಟರ್ ಹೀಟರಿನ ಗ್ಯಾಸು, ಕರೆಂಟು ಎರಡೂ ಆರಿಸಿ. ಪೂರ್ತಿ ತಣಿಯಲು ಬಿಡಿ, ರಾತ್ರಿಯಿಡೀ ಆದರೂ ಸರಿ. ಹೊರಗಿನ ನೀರಿನ ಸಂಪರ್ಕ ತೆಗೆದು, ಪಂಪು ಆರಿಸಿ, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಬಿಡಿ. ಆಮೇಲೆಯೇ ಹೀಟರಿನ ಬಿರಡೆ ಬಿಚ್ಚಬೇಕು. ಬಿಸಿ ಇದ್ದಾಗ ಬಿಚ್ಚಿದರೆ ಕುದಿನೀರು ಮುಖಕ್ಕೇ ಹಾರುತ್ತದೆ. ಬಿಚ್ಚುವಾಗ ಎದುರು ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಕೆಲವು ಹೀಟರುಗಳಲ್ಲಿ ಬಿರಡೆಯ ಜೊತೆ ಉದ್ದನೆಯ ಲೋಹದ ಕಡ್ಡಿ ಬರುತ್ತದೆ. ಅದು ಆನೋಡ್ ಕಡ್ಡಿ. ಟ್ಯಾಂಕಿನ ಬದಲು ತಾನು ಸವೆದು ಟ್ಯಾಂಕನ್ನು ಉಳಿಸುವುದು ಅದರ ಕೆಲಸ. ಹೊಸದರಲ್ಲಿ ಹೆಬ್ಬೆರಳಿನ ದಪ್ಪ, ನುಣುಪು. ಎರಡು ಸೀಸನ್ ಕಳೆದ ಮೇಲೆ ಗೆದ್ದಲು ತಿಂದ ಕಡ್ಡಿಯ ಹಾಗೆ ಹಳ್ಳ ಬಿದ್ದು, ಅಲ್ಲಲ್ಲಿ ಒಳಗಿನ ತಂತಿ ಇಣುಕುತ್ತದೆ. ಮುಕ್ಕಾಲು ಸವೆದಿದ್ದರೆ ಹೊಸದು ಹಾಕಿ.

ಟ) ಸಿಹಿನೀರಿನ ಟ್ಯಾಂಕಿನ ತೂಬು, ಪೈಪುಗಳ ತೀರಾ ಕೆಳಗಿನ ಎರಡು ತೂಬು, ಬಿಸಿನೀರಿನದೊಂದು ತಣ್ಣೀರಿನದೊಂದು, ಎಲ್ಲ ತೆರೆಯಿರಿ. ನಲ್ಲಿಗಳೂ ತೆರೆದಿರಲಿ. ನೀರಿನ ಫಿಲ್ಟರ್ ಕಳಚಿಡಿ.

ತ) ಹೀಟರಿನ ಬೈಪಾಸ್ ವಾಲ್ವು ತಿರುಗಿಸಿ. ನೀರು ಹೀಟರಿನೊಳಗೆ ಹೋಗದೆ ಪಕ್ಕದಿಂದ ದಾಟಿಹೋಗುವಂತೆ ಮಾಡುವ ವಾಲ್ವು ಅದು. ಇದನ್ನು ಮರೆತರೆ 20 ಲೀಟರಿಗಿಂತ ಜಾಸ್ತಿ ಆ್ಯಂಟಿಫ್ರೀಜ್, ಅಂದರೆ ಚಳಿಗೆ ಪೈಪು ಒಡೆಯದಂತೆ ತುಂಬಿಸುವ ಗುಲಾಬಿ ಬಣ್ಣದ ದ್ರವ, ಸುಮ್ನೆ ಹೀಟರಿನ ಹೊಟ್ಟೆ ಸೇರುತ್ತದೆ.

ಪ) ತೂಬುಗಳನ್ನು ಮುಚ್ಚಿ. ಪಂಪಿನ ಹೀರುವ ಕೊಳವೆಯನ್ನು ಆ್ಯಂಟಿಫ್ರೀಜ್ ಡಬ್ಬದಲ್ಲಿ ಇಳಿಸಿ ಪಂಪು ಹಾಕಿ. ಒಂದೊಂದೇ ನಲ್ಲಿ ತೆರೆಯಿರಿ, ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮೊದಲು ಗಾಳಿ ಉಗುಳುತ್ತದೆ, ಆಮೇಲೆ ಬಿಳಿ ನೀರು, ಆಮೇಲೆ ತಿಳಿಗುಲಾಬಿ, ಕೊನೆಗೆ ಗಾಢ ಗುಲಾಬಿ. ಗಾಢ ಗುಲಾಬಿ ಬಂದ ಮೇಲೆ ಮುಚ್ಚಿ. ಶವರ್, ಟಾಯ್ಲೆಟ್ ಫ್ಲಶ್ಶನ್ನೂ ಮರೆಯದೆ ಹೀಗೇ ಹರಿಸಿ. ಹೊರಗಡೆ ಗೋಡೆಯಲ್ಲಿ ಪುಟ್ಟ ಶವರ್ ಇದ್ದರೆ ಅದನ್ನೂ. ಎಲ್ಲರೂ ಮರೆಯುವುದು ಅದನ್ನೇ. ಪುಟ್ಟ ಟ್ರೈಲರಿಗೆ 8ರಿಂದ 12 ಲೀಟರ್ ಸಾಕು.

ಮ) ಸಿಂಕು, ಸ್ನಾನದ ಮೋರಿಗೆ ಒಂದೊಂದು ಲೋಟ ಸುರಿಯಿರಿ. ಕೆಳಗಿನ ಬಾಗಿದ ಪೈಪಿನಲ್ಲಿ ಸದಾ ನೀರು ನಿಂತಿರುತ್ತದೆ.

ಎಚ್ಚರಿಕೆ: ಬಳಸಬೇಕಾದ್ದು ಕುಡಿಯುವ ನೀರಿನ ಪೈಪಿಗೆಂದೇ ಮಾಡಿದ, ಪ್ರೊಪಿಲೀನ್ ಗ್ಲೈಕಾಲ್ ಇರುವ ಆ್ಯಂಟಿಫ್ರೀಜ್. ಕಾರಿನ ರೇಡಿಯೇಟರಿಗೆ ಹಾಕುವುದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ಅದು ವಿಷ. ಬಣ್ಣ ನೋಡಿ ನಂಬಬೇಡಿ, ಡಬ್ಬದ ಮೇಲಿನದ್ದು ಓದಿ.

ಆ್ಯಂಟಿಫ್ರೀಜ್ ಬೇಡ ಅನ್ನುವವರು ಗಾಳಿ ಊದಿ ಪೈಪು ಖಾಲಿ ಮಾಡುತ್ತಾರೆ. ಒತ್ತಡ 30ರಿಂದ 40 ಪಿಎಸ್‌ಐ ದಾಟಬಾರದು. ಆದರೂ ಪಂಪಿನಲ್ಲಿ, ಬಾಗಿದ ಪೈಪಿನಲ್ಲಿ ನೀರು ಉಳಿಯುತ್ತದೆ. ನಾನಂತೂ ಗುಲಾಬಿ ನೀರನ್ನೇ ನಂಬುತ್ತೇನೆ, ಕಣ್ಣಿಗೆ ಕಾಣುತ್ತದೆ.

ನಿಮ್ಮಲ್ಲಿ ಚಳಿ ಹೆಪ್ಪುಗಟ್ಟುವಷ್ಟು ಇಲ್ಲ, ಮಳೆಯ ಕಾಲವೇ ನಿಲ್ಲಿಸಿಡುವ ಕಾಲ ಅನ್ನುವಿರಾದರೆ ಆ್ಯಂಟಿಫ್ರೀಜ್ ಬೇಕಿಲ್ಲ. ನೀರು ಖಾಲಿ ಮಾಡುವುದು ಮಾತ್ರ ತಪ್ಪಬಾರದು, ನಿಂತ ನೀರು ನಾರುತ್ತದೆ, ಪಾಚಿ ಕಟ್ಟುತ್ತದೆ.

9. ಮೇಲಿನಿಂದ ಬರುವ ನೀರು

ಪೈಪು ಒಡೆದರೆ ಬದಲಿಸಬಹುದು. ಛಾವಣಿ ಸೋರಿ ಗೋಡೆ ಕೊಳೆತರೆ ಟ್ರೈಲರೇ ಮುಗಿಯಿತು. ಆದ್ದರಿಂದ ಛಾವಣಿಯ ಸಂದು, ಕಿಟಕಿಯ ಅಂಚು, ದೀಪದ ಸುತ್ತ ಹಚ್ಚಿದ ಸೀಲಂಟನ್ನು, ಅಂದರೆ ಸಂದು ತುಂಬುವ ಮೇಣದಂಥ ಪದಾರ್ಥವನ್ನು, ವರ್ಷಕ್ಕೆ ಎರಡು ಸಲವಾದರೂ ನೋಡಲೇಬೇಕು.

ದಯವಿಟ್ಟು ಛಾವಣಿ ಹತ್ತಬೇಡಿ. ಅರವತ್ತರ ಮೇಲೆ ಏಣಿಯಿಂದ ಬಿದ್ದ ಸೊಂಟದ ಮುಂದೆ ಯಾವ ಟ್ರೈಲರೂ ದೊಡ್ಡದಲ್ಲ. ಉದ್ದ ಕೋಲಿಗೆ ಫೋನ್ ಕಟ್ಟಿ ವಿಡಿಯೋ ತೆಗೆದು, ಒಳಗೆ ಕೂತು ದೊಡ್ಡದು ಮಾಡಿ ನೋಡಿ. ಬಿರುಕು, ಎದ್ದ ಅಂಚು ಕಂಡರೆ ಕೆಲಸ ಬಲ್ಲವರನ್ನು ಕರೆಸಿ. ಸಿಲಿಕೋನ್ ಹಚ್ಚಲು ಬಿಡಬೇಡಿ. ಅದರ ಮೇಲೆ ಮುಂದೆ ಬೇರೆ ಯಾವುದೂ ಅಂಟುವುದಿಲ್ಲ. ಛಾವಣಿಯ ವಸ್ತುವಿಗೆ ಹೊಂದುವ ಸೀಲಂಟೇ ಬೇಕು.

ಒಳಗಿನ ಪರೀಕ್ಷೆ ನಿಮ್ಮ ಹೆಬ್ಬೆರಳಿನದು. ಕಿಟಕಿಯ ಕೆಳಮೂಲೆ, ಛಾವಣಿ ಗೋಡೆ ಸೇರುವಲ್ಲಿ, ಬೀರುವಿನ ಒಳಗೆ, ಹಾಸಿಗೆಯ ಕೆಳಗೆ ಒತ್ತಿ ನೋಡಿ. ಒಳ್ಳೆಯ ಪ್ಲೈವುಡ್ ಟಣ್ ಅನ್ನುವಂತೆ ಗಟ್ಟಿ ಇರುತ್ತದೆ. ನೀರು ಕುಡಿದದ್ದು ನೆಂದ ರಟ್ಟಿನ ಹಾಗೆ ಒಳಕ್ಕೆ ಹೋಗುತ್ತದೆ, ಬೆರಳು ತೆಗೆದರೆ ಗುರುತು ನಿಲ್ಲುತ್ತದೆ. ಮೇಲಿನ ಕಾಗದದಲ್ಲಿ ಚಹಾ ಬಣ್ಣದ ಗೆರೆ ಕಂಡರೂ ಅದೇ ಅರ್ಥ. ನೀರು ಇಳಿದ ಜಾಗ ಅದು, ನುಗ್ಗಿದ ಜಾಗ ಎರಡು ಅಡಿ ಮೇಲಿರಬಹುದು.

10. ಬ್ಯಾಟರಿ, ಟೈರು, ಇಲಿ

ಸೀಸ-ಆ್ಯಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 12.6 ವೋಲ್ಟಿನ ಮೇಲೆ ತೋರಿಸುತ್ತದೆ. 12.1ರ ಹತ್ತಿರ ಬಂದರೆ ಅರ್ಧ ಮುಗಿದಿದೆ, ಅದಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ತುಂಬಿದ ಬ್ಯಾಟರಿ ಮೈನಸ್ 50 ಡಿಗ್ರಿಗೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದದ್ದು ಮೈನಸ್ ಹತ್ತರೊಳಗೇ ಹೆಪ್ಪುಗಟ್ಟಿ ಒಡೆಯುತ್ತದೆ. ಹಾಗಾಗಿ ಚಾರ್ಜ್ ಮಾಡಿ, ಸಂಪರ್ಕ ತೆಗೆದು, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಿ. ಎತ್ತುವುದು ಭಾರ, ಇಬ್ಬರೂ ಹಿಡಿಯಿರಿ. ಲಿಥಿಯಂ ಆದರೆ ನಿಯಮ ಬೇರೆ. ಒಳಗೆ ಬಿಸಿ ಮಾಡಿಕೊಳ್ಳುವ ಏರ್ಪಾಡು ಇಲ್ಲದಿದ್ದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು.

ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಗೀರು ದಪ್ಪಗಿದೆ ಅಂತ ನಂಬಬೇಡಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ಮಾಡಿದ್ದು. ಆರು ವರ್ಷದ ಸುಮಾರಿಗೆ ಬದಲಿಸುವುದು ಕ್ಷೇಮ. ನಿಲ್ಲಿಸುವಾಗ ಗಾಳಿ ಪೂರ್ತಿ ತುಂಬಿ, ಕೆಳಗೆ ಹಲಗೆ ಕೊಡಿ, ಬಿಸಿಲು ಬೀಳದಂತೆ ಮುಚ್ಚಿ. ಬೇರಿಂಗಿನ ಗ್ರೀಸನ್ನು ವರ್ಷಕ್ಕೊಮ್ಮೆ ಬದಲಿಸಿ.

ಇಲಿಗೆ ಸಣ್ಣ ಬೆರಳಿನಷ್ಟು ತೂತು ಸಾಕು. ಪೈಪು, ವೈರು ಒಳಗೆ ಬರುವಲ್ಲಿ ಉಕ್ಕಿನ ನಾರು ತುರುಕಿ. ತಿನ್ನುವ ವಸ್ತು ಒಂದು ಚೂರೂ ಉಳಿಸಬೇಡಿ, ಸೋಪೂ ತೆಗೆಯಿರಿ. ಹಾಸಿಗೆಗಳನ್ನು ಗೋಡೆಯಿಂದ ದೂರ ನಿಲ್ಲಿಸಿ, ಗಾಳಿಯಾಡಲಿ. ಫ್ರಿಜ್ಜಿನ ಬಾಗಿಲಿಗೆ ಟವೆಲ್ ಸಿಕ್ಕಿಸಿ ತೆರೆದಿಡಿ, ಇಲ್ಲದಿದ್ದರೆ ಬೂಷ್ಟು ಗ್ಯಾರಂಟಿ. ಗ್ಯಾಸ್ ಸಿಲಿಂಡರ್ ಬಂದ್ ಮಾಡಿ ಹೊರಗೇ ಇರಲಿ, ಮನೆಯೊಳಗಾಗಲಿ ಟ್ರೈಲರಿನೊಳಗಾಗಲಿ ಬೇಡ.

ಮುಚ್ಚಲು ಪ್ಲಾಸ್ಟಿಕ್ ಟಾರ್ಪಾಲು ಬಳಸಬೇಡಿ. ಒಳಗಿನ ತೇವ ಹೊರಗೆ ಹೋಗದೆ ಬೆವರುತ್ತದೆ, ಗಾಳಿಗೆ ಉಜ್ಜಿ ಬಣ್ಣವೂ ಹೋಗುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಸಿಗುತ್ತದೆ. ಮೂತಿಯನ್ನು ಒಂದಿಷ್ಟು ಎತ್ತರಿಸಿ ನಿಲ್ಲಿಸಿದರೆ ಛಾವಣಿಯ ಮೇಲೆ ನೀರು ನಿಲ್ಲುವುದಿಲ್ಲ.

ತಿಂಗಳಿಗೊಮ್ಮೆ ಹೋಗಿ ಬಾಗಿಲು ತೆರೆಯಿರಿ. ಮೊದಲು ಮೂಗಿನಿಂದ ನೋಡಿ. ಮುಗ್ಗಲು ವಾಸನೆ ಬಂದರೆ ಎಲ್ಲೋ ತೇವ ಇದೆ. ಆಮೇಲೆ ಹೆಬ್ಬೆರಳು, ಆಮೇಲೆ ಇಲಿ ಹಿಕ್ಕೆ. ಒಂದು ಜೋರು ಮಳೆ ಬಂದ ಮಾರನೆಯ ದಿನ ಹೋದರೆ ಇನ್ನೂ ಒಳ್ಳೆಯದು.

11. ಮತ್ತೆ ತೆರೆಯುವಾಗ

ಹೊರಡುವ ಹಿಂದಿನ ದಿನ ಅಲ್ಲ, ಎರಡು ವಾರ ಮೊದಲು ತೆರೆಯಿರಿ. ಪೈಪಿಗೆ ನೀರು ಬಿಟ್ಟು ಗುಲಾಬಿ ಪೂರ್ತಿ ಹೋಗುವ ತನಕ ಹರಿಸಿ. ಹೀಟರಿನ ಬಿರಡೆ ಹಾಕಿ, ಬೈಪಾಸ್ ಮೊದಲಿನಂತೆ ತಿರುಗಿಸಿ, ಬಿಸಿನೀರಿನ ನಲ್ಲಿಯಲ್ಲಿ ನೀರು ಧಾರೆಯಾಗಿ ಬಂದ ಮೇಲೆಯೇ ಹೀಟರ್ ಹಾಕಿ. ಖಾಲಿ ಹೀಟರಿಗೆ ಕರೆಂಟು ಕೊಟ್ಟರೆ ಒಳಗಿನ ಕಾಯಿಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಆಮೇಲೆ ಟ್ಯಾಂಕಿನ ಶುದ್ಧಿ. ಪರಿಮಳ ಬೆರೆಸದ, ನೂರಕ್ಕೆ ಐದಾರು ಭಾಗ ಸಾಂದ್ರತೆಯ ಮಾಮೂಲಿ ಬ್ಲೀಚು, ಲೀಟರ್ ನೀರಿಗೆ ಒಂದು ಮಿಲಿಲೀಟರ್ ಲೆಕ್ಕದಲ್ಲಿ. ಮೊದಲು ಬಕೆಟ್ ನೀರಿನಲ್ಲಿ ಬೆರೆಸಿ ಟ್ಯಾಂಕಿಗೆ ಹಾಕಿ, ತುಂಬಿಸಿ. ಎಲ್ಲ ನಲ್ಲಿಯಲ್ಲೂ ಬ್ಲೀಚಿನ ವಾಸನೆ ಬರುವವರೆಗೆ ಬಿಡಿ. ರಾತ್ರಿಯಿಡೀ ಹಾಗೇ ಇದ್ದು, ಬೆಳಿಗ್ಗೆ ಖಾಲಿ ಮಾಡಿ, ವಾಸನೆ ಹೋಗುವ ತನಕ ಎರಡು ಮೂರು ಸಲ ತೊಳೆಯಿರಿ. ಫಿಲ್ಟರ್ ಕೊನೆಗೆ ಹಾಕಿ. ಗ್ಯಾಸಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ, ಸಿಲಿಂಡರ್ ಬಂದ್ ಮಾಡಿ ಸರಿಮಾಡಿಸಿ. ಮೂರೂ ಅಲಾರಂ ಒತ್ತಿ ಕೇಳಿ.

ಇಷ್ಟಾದ ಮೇಲೆ ಮನೆಯ ಅಂಗಳದಲ್ಲೇ ಒಂದು ರಾತ್ರಿ ಅದರಲ್ಲಿ ಮಲಗಿ. ಒಲೆ ಹಚ್ಚಿ, ಸ್ನಾನ ಮಾಡಿ, ನಡುರಾತ್ರಿ ಎದ್ದು ದೀಪ ಹಾಕಿ. ಏನು ಕೆಟ್ಟಿದೆ, ಏನು ಮರೆತಿದೆ ಅನ್ನುವುದೆಲ್ಲ ಅವತ್ತೇ ಗೊತ್ತಾಗುತ್ತದೆ. ಬೆಳಿಗ್ಗೆ ಎದ್ದು ಬಾಗಿಲ ಒಳಗಿನ ಪಟ್ಟಿಯಲ್ಲಿ ಬಿಟ್ಟುಹೋದದ್ದನ್ನು ಸೇರಿಸಿ ಬರೆಯಿರಿ.